ಸುಡಾನಿನ ಅಡುಗೆ ಉಳಿಯುವುದು ಪುಸ್ತಕದಲ್ಲೋ, ಹೊಲದಲ್ಲೋ?

ಕೈರೋಗೆ ಅಂಟಿಕೊಂಡಿರುವ ಗೀಜಾದ ಫೈಸಲ್ ರಸ್ತೆಯ ಸುತ್ತಮುತ್ತ ಈಗ ಸುಡಾನಿ ಹೋಟೆಲುಗಳದ್ದೇ ಕಾರುಬಾರು. ಎಳ್ಳೆಣ್ಣೆ ಸುರಿದ ಫೂಲ್ ಕಾಳು, ಶೇಂಗಾ ಮಸಾಲೆ ಸವರಿ ಕೆಂಡದ ಮೇಲೆ ಸುಟ್ಟ ಅಗಾಶೆ ಮಾಂಸ, ಶುಂಠಿ ಘಾಟಿನ ಕಾಫಿ. 2023ರ ಏಪ್ರಿಲ್ 15ರಂದು ಜನರಲ್ ಅಬ್ದುಲ್ ಫತ್ತಾಹ್ ಅಲ್ ಬುರ್ಹಾನ್ ಅವರ ಸೇನೆಗೂ ಹೆಮೆಟಿ ಎಂದೇ ಹೆಸರಾದ ಮೊಹಮ್ಮದ್ ಹಮ್ದಾನ್ ದಗಾಲೊ ಅವರ ಅರೆಸೇನಾ ಪಡೆ ಆರ್‌ಎಸ್‌ಎಫ್‌ಗೂ ಕದನ ಶುರುವಾಯಿತು. ಅಲ್ಲಿಂದೀಚೆಗೆ ಹತ್ತು ಲಕ್ಷಕ್ಕೂ ಮಿಕ್ಕಿ ಜನ ಗಡಿ ದಾಟಿ ಈಜಿಪ್ಟಿಗೆ ಬಂದರು. ಬಂದವರು ಬದುಕಬೇಕಲ್ಲ, ಗೊತ್ತಿದ್ದ ಕೆಲಸ ಹಿಡಿದರು. ಉಗಾಂಡದ ಕಂಪಾಲಾದಲ್ಲೂ ಕೊಲ್ಲಿಯ ಊರುಗಳಲ್ಲೂ ಇದೇ ಕತೆ. ಲಂಡನ್ನಿನಲ್ಲೋ ಅಮೆರಿಕದಲ್ಲೋ ಹುಟ್ಟಿ ಬೆಳೆದ ಮಕ್ಕಳು ಅಜ್ಜಿಯ ಅಡುಗೆಯನ್ನು ವಿಡಿಯೊ ಮಾಡುತ್ತಿದ್ದಾರೆ, ಪಾಕಪುಸ್ತಕ ಬರೆಯುತ್ತಿದ್ದಾರೆ. ಯುದ್ಧವೇ ಸುಡಾನಿನ ಅಡುಗೆಯನ್ನು ಜಗತ್ತಿಗೆ ತೋರಿಸಿತು ಎನ್ನುವವರೂ ಇದ್ದಾರೆ.

ಈ ಮಾತಿನಲ್ಲಿ ನಿಜ ಇಲ್ಲದಿಲ್ಲ. ಆದರೆ ಗಡಿ ದಾಟಿದ್ದು ತಟ್ಟೆಯಲ್ಲಿ ಬಡಿಸಿದ್ದು ಮಾತ್ರ. ತಟ್ಟೆಯ ಹಿಂದೆ ಬೀಜ ಇದೆ, ಮಳೆ ನಂಬಿದ ಹೊಲ ಇದೆ, ನಿನ್ನೆಯ ಹುಳಿ ಉಳಿಸಿಕೊಂಡ ಗಡಿಗೆ ಇದೆ, ವಾಸನೆ ನೋಡಿಯೇ ಹದ ಹೇಳುವ ಹೆಂಗಸರಿದ್ದಾರೆ, ಕರೆಯದೆಯೂ ಊಟಕ್ಕೆ ಬರುವ ನೆರೆಹೊರೆ ಇದೆ. ಪರಂಪರೆ ಉಳಿಸುವ ಹೆಸರಿನಲ್ಲಿ ಈಗ ನಡೆಯುತ್ತಿರುವ ಹೆಚ್ಚಿನ ಕೆಲಸ ಕೊನೆಯ ಕೊಂಡಿಯಾದ ಪಾಕವಿಧಾನವನ್ನಷ್ಟೇ ಹಿಡಿಯುತ್ತದೆ. ಯುದ್ಧ ಕಡಿಯುತ್ತಿರುವುದು ಅದಕ್ಕಿಂತ ಹಿಂದಿನ ಕೊಂಡಿಗಳನ್ನು.

ಜೋಳದ ತೆಳು ರೊಟ್ಟಿ ಕಿಸ್ರಾವನ್ನೇ ತೆಗೆದುಕೊಳ್ಳಿ. ಜೋಳದ ಹಿಟ್ಟನ್ನು ನೀರಲ್ಲಿ ಕಲಸಿ, ಹಿಂದಿನ ಸಲದ ಹುಳಿಹಿಟ್ಟು ಉಳಿದಿರುವ ಮಣ್ಣಿನ ಗಡಿಗೆಗೆ ಹಾಕಿ ರಾತ್ರಿಯಿಡೀ ಬಿಡುತ್ತಾರೆ. ಬೆಳಿಗ್ಗೆ ಕಾವಲಿ ಕಾಯಿಸಿ ಎಣ್ಣೆಬಟ್ಟೆಯಲ್ಲಿ ಒರೆಸುತ್ತಾರೆ. ಹಿಂದೆ ಮಣ್ಣಿನ ದೋಕಾ ಇತ್ತು, ಈಗ ಹೆಚ್ಚಾಗಿ ಕಬ್ಬಿಣದ ಸಾಜ್. ಒಂದು ಸೌಟು ಹಿಟ್ಟು ಹುಯ್ದು, ಖರ್ಜೂರದ ಗರಿಯಿಂದ ಕತ್ತರಿಸಿದ ಗರ್ಗರೀಬಾ ಎಂಬ ಪಟ್ಟಿಯಿಂದ ಈ ಅಂಚಿನಿಂದ ಆ ಅಂಚಿಗೆ ಎಳೆಯುತ್ತಾರೆ. ಎಳೆತ ನಿಧಾನವಾದರೆ ಹಿಟ್ಟು ಮಧ್ಯದಲ್ಲೇ ಬೆಂದು ಗಂಟಾಗುತ್ತದೆ, ಅವಸರವಾದರೆ ತೂತು ಬೀಳುತ್ತದೆ. ಸರಿಯಾಗಿ ಬಂದರೆ ಒಂದು ನಿಮಿಷವೂ ಹಿಡಿಯದೆ, ಕಾಗದದಷ್ಟು ತೆಳ್ಳಗೆ, ಅಂಚು ಮೇಲೆದ್ದ ಹಾಳೆ ಸಿಗುತ್ತದೆ. ಅದನ್ನು ಒಂದರ ಮೇಲೊಂದು ಪೇರಿಸಿ, ಮುಲ್ಲಾಹ್ ಎನ್ನುವ ಸಾರಿನ ಜೊತೆ ತಿನ್ನುತ್ತಾರೆ. ಮುಲ್ಲಾಹ್‌ಗೆ ಲೋಳೆ ಬರುವುದು ವೈಕಾದಿಂದ, ಅಂದರೆ ಒಣಗಿಸಿ ಕುಟ್ಟಿದ ಬೆಂಡೆಕಾಯಿ ಪುಡಿಯಿಂದ. ಒಣಮಾಂಸ ಹಾಕಿದರೆ ಒಂದು ಬಗೆ, ಮೊಸರು ಹಾಕಿದರೆ ಇನ್ನೊಂದು. ಇದೇ ಮುಲ್ಲಾಹ್ ಅನ್ನು ಅಸೀದಾ ಜೊತೆಗೂ ಉಣ್ಣುತ್ತಾರೆ. ಮಧ್ಯೆ ಗುಳಿ ಮಾಡಿ ಸಾರು ಹುಯ್ದು, ಬೆರಳಲ್ಲಿ ಮುರಿದು ಅದ್ದಿ ನುಂಗುವ ಅಸೀದಾವನ್ನು ನಮ್ಮ ಮುದ್ದೆ ಉಣ್ಣುವವರಿಗೆ ವಿವರಿಸಬೇಕಾಗಿಯೇ ಇಲ್ಲ.

ಈ ಜೋಳಕ್ಕೂ ಸುಡಾನಿಗೂ ಇರುವ ನಂಟು ಅಡುಗೆಮನೆಯಷ್ಟರದ್ದಲ್ಲ. ಪೂರ್ವ ಸುಡಾನಿನ ಕಸಲಾ ಬಳಿ ಸಿಕ್ಕ ಮಡಕೆ ಚೂರುಗಳಲ್ಲಿ ಜೋಳದ ಹೊಟ್ಟಿನ ಅಚ್ಚು ಉಳಿದಿತ್ತು. ಕ್ರಿಸ್ತಪೂರ್ವ ನಾಲ್ಕನೇ ಸಹಸ್ರಮಾನದ ಆ ಗುರುತುಗಳನ್ನು ಪರಿಶೀಲಿಸಿದ ಪುರಾತತ್ವಜ್ಞರು 2017ರಲ್ಲಿ, ಮನುಷ್ಯ ಜೋಳವನ್ನು ಒಗ್ಗಿಸಿಕೊಂಡಿದ್ದಕ್ಕೆ ಈವರೆಗೆ ಸಿಕ್ಕ ಅತಿ ಹಳೆಯ ಪುರಾವೆ ಇದು ಎಂದು ಪ್ರಕಟಿಸಿದರು. ಅಲ್ಲಿಂದ ಸುಮಾರು ಎರಡು ಸಾವಿರ ವರ್ಷಗಳ ಒಳಗೆ ಜೋಳ ಭಾರತ ಮುಟ್ಟಿತು. ವಿಜಯಪುರದಲ್ಲೋ ಕಲಬುರಗಿಯಲ್ಲೋ ತಟ್ಟುವ ರೊಟ್ಟಿಯ ಮೂಲ ಹುಡುಕಿಕೊಂಡು ಹೋದರೆ ನೈಲ್ ನದಿಯ ಪೂರ್ವದ ಆ ಹುಲ್ಲುಗಾವಲಿಗೇ ಬರುತ್ತೇವೆ. ಹಾಗಾಗಿ ಅಲ್ಲಿ ಒಂದು ಜೋಳದ ತಳಿ ಕಾಣೆಯಾದರೆ ಅದು ಸುಡಾನಿನ ಮನೆಯೊಳಗಿನ ವಿಚಾರ ಎಂದು ನಾವು ಕೈ ಕೊಡವಲಾಗದು.

ಜೋಳದ ನಾಡು ಗೋಧಿಗೆ ಜೋತುಬಿದ್ದಿದ್ದು ಯುದ್ಧಕ್ಕಿಂತ ಬಹಳ ಹಿಂದೆ. ನೆರವಿನ ರೂಪದಲ್ಲಿ ಬಂದ ಅಗ್ಗದ ಗೋಧಿ, ಸರ್ಕಾರದ ಸಬ್ಸಿಡಿ, ಊರು ಬಿಟ್ಟು ಪೇಟೆಗೆ ಬಂದವರ ಅವಸರದ ಬದುಕು, ಎಲ್ಲ ಸೇರಿ ಖಾರ್ಟೂಮನ್ನು ಬ್ರೆಡ್ಡಿನ ನಗರ ಮಾಡಿದವು. ಜೋಳ ಗೆದಾರಿಫ್‌ನಲ್ಲೂ ಕೊರ್ಡೊಫಾನ್‌ನಲ್ಲೂ ಮಳೆಗೆ ಬೆಳೆಯುತ್ತದೆ. ಗೋಧಿಗೆ ನೀರಾವರಿ ಬೇಕು, ಅದು ಸಾಲದ್ದಕ್ಕೆ ಡಾಲರ್ ಬೇಕು. ಡಾಲರ್ ಖಾಲಿಯಾದಾಗ ಏನಾಯಿತೆಂದು ಜಗತ್ತೇ ನೋಡಿದೆ. 2018ರ ಡಿಸೆಂಬರ್‌ನಲ್ಲಿ ಒಂದು ಸುಡಾನಿ ಪೌಂಡಿಗೆ ಸಿಗುತ್ತಿದ್ದ ಬ್ರೆಡ್ಡಿನ ಬೆಲೆ ಮೂರು ಪೌಂಡಿಗೇರಿತು. ರೈಲ್ವೆ ಕಾರ್ಮಿಕರ ಊರಾದ ಅಟ್ಬರಾದಲ್ಲಿ ಜನ ಬೀದಿಗಿಳಿದರು. 2019ರ ಏಪ್ರಿಲ್ 11ರಂದು ಮೂವತ್ತು ವರ್ಷಗಳ ಒಡೆಯ ಒಮರ್ ಅಲ್ ಬಶೀರ್ ಕುರ್ಚಿ ಕಳೆದುಕೊಂಡರು. ಈ ಬಂಡಾಯವನ್ನು ಬ್ರೆಡ್ಡಿನ ಬಂಡಾಯ ಎಂದಷ್ಟೇ ಕರೆದರೆ ಅದರ ರಾಜಕೀಯವನ್ನು ಕುಗ್ಗಿಸಿದಂತೆ. ಆದರೂ ತನ್ನ ಧಾನ್ಯವನ್ನು ಕಡೆಗಣಿಸಿದ ಆಹಾರ ನೀತಿ ಎಷ್ಟು ಬೇಗ ಕುತ್ತಿಗೆಗೆ ಬರುತ್ತದೆ ಎಂಬುದಕ್ಕೆ ಇದಕ್ಕಿಂತ ಚುರುಕಾದ ಉದಾಹರಣೆ ನನಗೆ ಗೊತ್ತಿಲ್ಲ.

ಖಾರ್ಟೂಮಿನಲ್ಲಿ ಕಿಸ್ರಾ ಇರಲೇ ಇಲ್ಲವೇ? ಇತ್ತು. ಆದರೆ ಅದನ್ನು ಹುಯ್ದು ಮಾರುತ್ತಿದ್ದವರಲ್ಲಿ ಬಹಳಷ್ಟು ಮಂದಿ ಡಾರ್ಫರ್, ನೂಬಾ ಬೆಟ್ಟಗಳು, ದಕ್ಷಿಣದ ನಾಡುಗಳಿಂದ ಹಿಂದಿನ ಯುದ್ಧಗಳಲ್ಲಿ ಊರು ಕಳೆದುಕೊಂಡು ಬಂದ ಹೆಂಗಸರು. ಬೀದಿಬದಿ ಚಹಾ ಮಾರುವವರೂ ಅವರೇ. ನಗರದ ಪೊಲೀಸರು ಅವರ ಕೆಟಲ್, ಸ್ಟೂಲು, ಇದ್ದಿಲ ಒಲೆಗಳನ್ನು ಕಿತ್ತುಕೊಂಡು ಹೋಗುವುದು ಬಶೀರ್ ಕಾಲದಲ್ಲಿ ಮಾಮೂಲಾಗಿತ್ತು. ಅವರನ್ನು ಸಂಘ ಕಟ್ಟಿ ನಿಲ್ಲಿಸಿದ ಅವಾದಿಯಾ ಮಹಮೂದ್ ಕೋಕೋ ಅವರಿಗೆ 2016ರಲ್ಲಿ ಅಮೆರಿಕದ ವಿದೇಶಾಂಗ ಇಲಾಖೆ ದಿಟ್ಟ ಮಹಿಳೆಯರಿಗೆ ಕೊಡುವ ಅಂತರರಾಷ್ಟ್ರೀಯ ಪ್ರಶಸ್ತಿ ಸಿಕ್ಕಿತು. ಸುಡಾನಿ ಚಹಾ ಸಂಸ್ಕೃತಿ ಎಂದು ಇವತ್ತು ಹೆಮ್ಮೆಯಿಂದ ಫೋಟೊ ಹಾಕುವವರು ಈ ಜಪ್ತಿಯ ಇತಿಹಾಸವನ್ನೂ ಜೊತೆಗೆ ಹೇಳಿದರೆ ಒಳ್ಳೆಯದು.

ಜೋಳದಿಂದಲೇ ಮಾಡುವ ಮರೀಸಾ ಎಂಬ ಹುಳಿ ಮದ್ಯದ ಪಾಡು ಇನ್ನೂ ಕೆಟ್ಟದ್ದು. 1983ರ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷ ನಿಮೇರಿ ಷರಿಯಾ ಕಾನೂನು ತಂದ ಮೇಲೆ ಅದನ್ನು ಕಾಸಿ ಮಾರುತ್ತಿದ್ದ ಹೆಂಗಸರು ಛಡಿಯೇಟು ತಿಂದರು, ಜೈಲಿಗೆ ಹೋದರು. ಅವರ ಕೈಯಲ್ಲಿದ್ದ ಹುದುಗಿನ ವಿದ್ಯೆ ಅಪರಾಧವಾಯಿತು. ಪರಂಪರೆಯ ಪಟ್ಟಿಗಳಲ್ಲಿ ಮರೀಸಾ ಕಾಣುವುದು ಅಪರೂಪ. ರಂಜಾನಿಗೆ ಮುಂಚೆ ಮೊಳಕೆ ಕಟ್ಟಿದ ಜೋಳದಿಂದ ಮಸಾಲೆ ಹಾಕಿ ಹುಯ್ಯುವ ಹುಲುಮುರ್ ಹಾಳೆಗಳು ಮಾತ್ರ ಎಲ್ಲ ಕಡೆ ಕಾಣುತ್ತವೆ. ನೆನೆಸಿ ಸಕ್ಕರೆ ಹಾಕಿದರೆ ಕೆಂಪು ಶರಬತ್ತು. ಎರಡರ ಹಿಂದೆ ಇರುವುದೂ ಮೊಳಕೆ ಮತ್ತು ಹುಳಿಯ ಅದೇ ವಿದ್ಯೆ. ಒಂದಕ್ಕೆ ಹಬ್ಬದ ಗೌರವ, ಇನ್ನೊಂದಕ್ಕೆ ಪೊಲೀಸ್ ಕೇಸು. ಯಾವುದನ್ನು ಪರಂಪರೆ ಎನ್ನಬೇಕೆಂಬ ತೀರ್ಮಾನ ಅಡುಗೆಯವರ ಕೈಯಲ್ಲಿ ಯಾವತ್ತೂ ಇರಲಿಲ್ಲ.

ಇಷ್ಟನ್ನೂ ಒಂದೆಡೆ ದಾಖಲಿಸಿದ್ದು ಖಾರ್ಟೂಮ್ ವಿಶ್ವವಿದ್ಯಾಲಯದ ಸೂಕ್ಷ್ಮಜೀವಿ ವಿಜ್ಞಾನಿ ಹಮೀದ್ ದಿರಾರ್. ಸುಡಾನಿನ ಹುದುಗು ಆಹಾರಗಳ ಬಗ್ಗೆ 1993ರಲ್ಲಿ ಬಂದ ಅವರ ದೊಡ್ಡ ಪುಸ್ತಕದಲ್ಲಿ ಸುಮಾರು ಎಂಬತ್ತು ಬಗೆಗಳಿವೆ. ಜೋಳ, ಹಾಲು, ಮೀನಿನವು ಸರಿ. ಮೂಳೆ, ಚರ್ಮ, ಎಳ್ಳಿನ ಹಿಂಡಿ, ಕೆಂಪು ಪುಂಡಿಯ ಬೀಜ ಹುದುಗಿಸಿ ಮಾಡಿದವೂ ಇವೆ. ಪಟ್ಟಿಗಿಂತ ಮುಖ್ಯವಾದದ್ದು ಅವರ ವಾದ. ಇವುಗಳಲ್ಲಿ ಬಹಳಷ್ಟನ್ನು ಕಂಡುಹಿಡಿದವರು ಹೆಂಗಸರು, ಕಂಡುಹಿಡಿದದ್ದು ಬರಗಾಲ ದಾಟುವುದಕ್ಕೆ ಎಂದರು ಅವರು. ಕೊಳೆತು ನಾರುವ ಬಡವರ ತಿನಿಸು ಎಂದು ಪೇಟೆ ಮೂಗು ಮುರಿದದ್ದರಲ್ಲಿ ಅವರಿಗೆ ಒಂದು ತಂತ್ರಜ್ಞಾನ ಕಂಡಿತು.

ಕವಾಲ್ ಅಂಥದ್ದೊಂದು. ಡಾರ್ಫರಿನಲ್ಲಿ ಮಳೆ ಬಿದ್ದೊಡನೆ ತಾನೇ ಹುಟ್ಟುವ ಒಂದು ಕಾಡುಗಿಡದ ಹಸಿ ಎಲೆಯನ್ನು ಜಜ್ಜಿ ಮುದ್ದೆ ಮಾಡಿ, ಕುತ್ತಿಗೆವರೆಗೆ ನೆಲದಲ್ಲಿ ಹೂತ ಗಡಿಗೆಗೆ ತುಂಬುತ್ತಾರೆ. ಮೇಲೆ ಹಸಿ ಜೋಳದ ಎಲೆ, ಅದರ ಮೇಲೆ ಕಲ್ಲು. ಮೂರು ದಿನಕ್ಕೊಮ್ಮೆ ತೆಗೆದು ಕೈಯಲ್ಲಿ ಕಲಸಿ ಮತ್ತೆ ಮುಚ್ಚುತ್ತಾರೆ. ಎರಡು ವಾರದ ಹೊತ್ತಿಗೆ ಅದು ಕಪ್ಪಾಗುತ್ತದೆ. ಉಂಡೆ ಕಟ್ಟಿ ಬಿಸಿಲಲ್ಲಿ ಒಣಗಿಸಿಟ್ಟರೆ ವರ್ಷವಿಡೀ ಇರುತ್ತದೆ. ಕೈ ತೊಳೆದರೂ ವಾಸನೆ ಬಿಡುವುದಿಲ್ಲ. ಮಾಂಸವಿಲ್ಲದ ದಿನ ಮುಲ್ಲಾಹ್‌ಗೆ ಒಂದು ಚೂರು ಹಾಕಿದರೆ ಮಾಂಸದಂಥ ರುಚಿ ಬರುತ್ತದೆ. ದಿರಾರ್ ಅದನ್ನು ಪ್ರಯೋಗಾಲಯಕ್ಕೆ ಒಯ್ದು ನೋಡಿದಾಗ ಪ್ರೋಟೀನ್ ಸಮೃದ್ಧವಾಗಿತ್ತು. ಆ ಗಿಡ ನಮ್ಮ ತಗಚೆಯ ತೀರಾ ಹತ್ತಿರದ ನೆಂಟ. ಸಸ್ಯಶಾಸ್ತ್ರಜ್ಞರಲ್ಲೇ ಎರಡನ್ನೂ ಒಂದೆಂದು ಬಗೆದವರಿದ್ದಾರೆ. ಕರಾವಳಿಯಲ್ಲಿ ಆಟಿ ತಿಂಗಳು ತಜಂಕ್ ಪಲ್ಯ ಮಾಡುವವರಿಗೆ ಎಲೆಯ ಪರಿಚಯವಿದೆ. ಆದರೆ ಅದನ್ನು ಹೂತು ಹುದುಗಿಸುವ ವಿದ್ಯೆ ಸಹಾರಾ ಅಂಚಿನ ಜನರದ್ದು.

ಪಾಕಪುಸ್ತಕಗಳ ಮಿತಿ ಕಾಣುವುದು ಇಲ್ಲಿಯೇ. ಕವಾಲ್‌ಗೆ ಬೇಕಾದ ಸಾಮಗ್ರಿ ಯಾವ ಸೂಪರ್‌ಮಾರ್ಕೆಟ್ಟಿನಲ್ಲೂ ಸಿಗುವುದಿಲ್ಲ. ಫ್ಲ್ಯಾಟಿನ ಅಡುಗೆಮನೆಯಲ್ಲಿ ಗಡಿಗೆ ಹೂಳುವುದು ಎಲ್ಲಿ? ಆದ್ದರಿಂದ ವಲಸೆಯ ಅಡುಗೆಯಲ್ಲಿ ಅದು ತಾನಾಗಿ ಬಿಟ್ಟುಹೋಗುತ್ತದೆ. ಉಳಿಯುವುದು ಫೂಲ್, ತಾಮಿಯಾ ಎಂಬ ಕಾಳಿನ ವಡೆ, ಶೇಂಗಾ ಹಾಕಿದ ಸೊಪ್ಪು–ಬದನೆಕಾಯಿ ಕೋಸಂಬರಿಗಳು, ಅಂದರೆ ನೈಲ್ ದಂಡೆಯ ಪೇಟೆ ಊಟ. ಹೊರಗಿನವರಿಗೆ ಅದೇ ಸುಡಾನಿ ಅಡುಗೆ ಎಂದಾಗುತ್ತದೆ. ಅರ್ಧ ಶತಮಾನದಿಂದ ಅಂಚಿನ ನಾಡುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಈ ಸ್ಥಿತಿಗೆ ಬಂದ ದೇಶ, ತನ್ನ ತಟ್ಟೆಯಲ್ಲೂ ಅದನ್ನೇ ಮಾಡಿದರೆ ಬೇಸರವಾಗುತ್ತದೆ. ಅಡುಗೆ ದಾಖಲಿಸುವ ಯುವಕರ ಮೇಲೆ ಇದರ ಹೊಣೆ ಹೊರಿಸುವುದು ತಪ್ಪು, ಅವರು ತಮ್ಮ ಮನೆಯಲ್ಲಿ ಕಂಡದ್ದನ್ನು ಬರೆಯುತ್ತಾರೆ. ಆದರೆ ಅವರ ಪುಸ್ತಕಕ್ಕೆ ದೇಶದ ಹೆಸರಿಡುವ ಪ್ರಕಾಶಕರು ಸ್ವಲ್ಪ ಹಿಂಜರಿಯಬಹುದಿತ್ತು.

ಹಸಿವಿನ ನಡುವೆ ಅಡುಗೆಯ ಪರಂಪರೆ ಮಾತಾಡುವುದು ಅಸಭ್ಯವಲ್ಲವೇ ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. 2024ರ ಆಗಸ್ಟ್‌ನಲ್ಲಿ ಉತ್ತರ ಡಾರ್ಫರಿನ ಅಲ್ ಫಾಶಿರ್ ಬಳಿಯ ಝಮ್ಝಮ್ ಶಿಬಿರದಲ್ಲಿ ಕ್ಷಾಮ ಇದೆಯೆಂದು ಅಂತರರಾಷ್ಟ್ರೀಯ ತಜ್ಞರ ಸಮಿತಿ ದೃಢಪಡಿಸಿತು. ಅಲ್ ಫಾಶಿರ್ ಹೆಸರು ಕನ್ನಡ ಪತ್ರಿಕೆಗಳಲ್ಲೂ ಬಂದಿತ್ತು: ಯುದ್ಧ ಶುರುವಾದ ವಾರ ಗಿಡಮೂಲಿಕೆ ಮಾರಲು ಹೋಗಿದ್ದ ಕರ್ನಾಟಕದ ಹಕ್ಕಿಪಿಕ್ಕಿ ಜನ ಸಿಕ್ಕಿಬಿದ್ದಿದ್ದು ಅಲ್ಲೇ. ಅವರು ಭಾರತ ಸರ್ಕಾರದ ತೆರವು ಕಾರ್ಯಾಚರಣೆ ಆಪರೇಷನ್ ಕಾವೇರಿಯಲ್ಲಿ ಮನೆ ಸೇರಿದರು. ಊರಿನವರಿಗೆ ಅಂಥ ದಾರಿ ಇರಲಿಲ್ಲ. 2024ರ ಮೇ ತಿಂಗಳಿಂದ ಆರ್‌ಎಸ್‌ಎಫ್ ಊರನ್ನು ಮುತ್ತಿತು, ಆಮೇಲೆ ಸುತ್ತ ಮಣ್ಣಿನ ಒಡ್ಡು ಎಬ್ಬಿಸಿತು. ಜನ ಅಂಬಾಝ್ ತಿಂದರು. ಅಂಬಾಝ್ ಅಂದರೆ ಎಣ್ಣೆ ತೆಗೆದ ಮೇಲೆ ಉಳಿಯುವ ಶೇಂಗಾ ಹಿಂಡಿ, ದನಕ್ಕೆ ಹಾಕುವುದು. 2025ರ ಅಕ್ಟೋಬರ್ ಕೊನೆಯಲ್ಲಿ ಊರು ಬಿತ್ತು.

ಇದೇ ಡಾರ್ಫರಿನ ಜನ 1984–85ರ ಮಹಾ ಬರದಲ್ಲಿ ಮುಖೈತ್ ಎಂಬ ಪೊದೆಯ ಕಹಿ ಕಾಯಿ ತಿಂದು ಜೀವ ಉಳಿಸಿಕೊಂಡಿದ್ದರು. ಅದನ್ನು ಹಾಗೇ ತಿನ್ನುವಂತಿಲ್ಲ, ದಿನಗಟ್ಟಲೆ ನೀರು ಬದಲಿಸಿ ನೆನೆಸಿ ಕಹಿ ಇಳಿಸಿ ಆಮೇಲೆ ಬೇಯಿಸಬೇಕು. ಯಾವ ಪೊದೆ, ಯಾವ ತಿಂಗಳು, ಎಷ್ಟು ದಿನ ಎಂಬುದೆಲ್ಲ ಅಜ್ಜಿಯರಿಗೆ ಗೊತ್ತಿತ್ತು. ಆಗ ಮಳೆ ಕೈಕೊಟ್ಟಿತ್ತು, ಆದರೆ ಕಾಡಿಗೆ ಹೋಗುವ ದಾರಿ ತೆರೆದಿತ್ತು. ಈ ಮುತ್ತಿಗೆಯಲ್ಲಿ ಊರ ಹೊರಗೆ ಹೆಜ್ಜೆ ಇಟ್ಟರೆ ಗುಂಡು, ಸೌದೆಗೆ ಹೋದ ಹೆಂಗಸರ ಮೇಲೆ ಅತ್ಯಾಚಾರ. ಒಡ್ಡಿನೊಳಗೆ ನೀರಿಗೂ ಬರ, ಕಾಯಿ ನೆನೆಸುವುದು ಎಲ್ಲಿಂದ ಬಂತು? ಬರ ಎದುರಿಸಲೆಂದೇ ತಲೆಮಾರುಗಳು ಕಟ್ಟಿದ ಆಹಾರ ಜ್ಞಾನ ಮುತ್ತಿಗೆಯ ಎದುರು ಕೆಲಸಕ್ಕೆ ಬರಲಿಲ್ಲ. ಮುತ್ತಿಗೆ ಹಾಕಿದವರ ಉದ್ದೇಶವೂ ಅದೇ. ಅಡುಗೆಯ ಪರಂಪರೆಗೆ ಮೊದಲು ಬೇಕಾದ್ದು ಓಡಾಡುವ ಸ್ವಾತಂತ್ರ್ಯ ಎಂದು ನಾನು ಹೇಳುವುದು ಈ ಕಾರಣಕ್ಕೆ.

ಹಾಗಿದ್ದೂ ಯುದ್ಧದ ನಡುವೆ ಉಳಿದ ಒಂದು ಕೊಂಡಿ ಇದೆ, ಹಂಚಿ ಉಣ್ಣುವುದು. ಗೆಜಿರಾ ಸೀಮೆಯಲ್ಲಿ ರಂಜಾನ್ ಸಂಜೆ ಗಂಡಸರು ಮನೆಯ ಸಿನಿಯಾ ತಟ್ಟೆಗಳನ್ನು ಬೀದಿಗೆ ತರುತ್ತಾರೆ. ಹೆದ್ದಾರಿಗೆ ಅಡ್ಡ ನಿಂತು, ಪೇಟಾ ಬಿಚ್ಚಿ ಹಗ್ಗದಂತೆ ಹಿಡಿದು ಬಸ್ಸು ನಿಲ್ಲಿಸಿ, ಪ್ರಯಾಣಿಕರನ್ನು ಇಳಿಸಿ ಉಣ್ಣಿಸಿಯೇ ಕಳಿಸುತ್ತಾರೆ. ಸೂಫಿಗಳ ನೆಲೆಗಳಲ್ಲಿ ದಾರಿಹೋಕರಿಗೆ ಊಟ ಹಾಕುವ ಪದ್ಧತಿ ಶತಮಾನಗಳದ್ದು. ಯುದ್ಧ ಬಂದಾಗ ಸರ್ಕಾರ ಕುಸಿದ ಬಡಾವಣೆಗಳಲ್ಲಿ ತಕಾಯಾ ಎಂಬ ಹೆಸರಿನಲ್ಲಿ ಸಾಮೂಹಿಕ ಅಡುಗೆಮನೆಗಳು ಎದ್ದವು. ನಡೆಸಿದವರು 2018–19ರ ಬಂಡಾಯದ ಸಮಿತಿಗಳಿಂದ ಬೆಳೆದ ಹುಡುಗ ಹುಡುಗಿಯರು, ‘ತುರ್ತು ಸ್ಪಂದನಾ ಕೊಠಡಿ’ಗಳ ಸ್ವಯಂಸೇವಕರು. ದೊಡ್ಡ ಹಂಡೆಯಲ್ಲಿ ಫೂಲ್ ಅಥವಾ ಬೇಳೆ, ಹೊರಗೆ ಪಾತ್ರೆ ಹಿಡಿದ ಸಾಲು. ಎರಡೂ ಪಕ್ಷದವರು ಇವರನ್ನು ಶತ್ರುವಿನ ಕಡೆಯವರೆಂದು ಹಿಡಿದು ಬಡಿದರು. 2025ರಲ್ಲಿ ನಾರ್ವೆಯ ರಾಫ್ಟೊ ಪ್ರಶಸ್ತಿಯೂ ಸ್ವೀಡನ್ನಿನ ರೈಟ್ ಲೈವ್ಲಿಹುಡ್ ಪ್ರಶಸ್ತಿಯೂ ಈ ಕೊಠಡಿಗಳಿಗೆ ಬಂದವು. ಅದೇ ವರ್ಷದ ಆರಂಭದಲ್ಲಿ ಅಮೆರಿಕ ನೆರವು ತಡೆದಾಗ ಸಾವಿರಕ್ಕೂ ಹೆಚ್ಚು ಅಡುಗೆಮನೆಗಳ ಒಲೆ ಆರಿತ್ತು. ಪ್ರಶಸ್ತಿ ಕೊಡುವ ಕೈ ಬೇರೆ, ಬೇಳೆ ಕೊಡುವ ಕೈ ಬೇರೆ, ಸರಿ. ಆದರೂ ಸುಡಾನಿನ ಆಹಾರ ಸಂಸ್ಕೃತಿಗೆ ಹಣ ಹಾಕಬೇಕೆನ್ನುವವರು ಪ್ರದರ್ಶನ, ಉತ್ಸವಗಳಿಗಿಂತ ಮೊದಲು ಈ ಹಂಡೆಗಳನ್ನು ನೋಡಬೇಕು. ಸಂಸ್ಕೃತಿ ಬದುಕಿ ಕೆಲಸ ಮಾಡುತ್ತಿರುವುದು ಅಲ್ಲಿ.

ಯುನೆಸ್ಕೊ ಪಟ್ಟಿಗಳ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. 2019ರಲ್ಲಿ ಖರ್ಜೂರದ ಮರದ ಸುತ್ತಲಿನ ಸಂಸ್ಕೃತಿ, 2024ರಲ್ಲಿ ಮದರಂಗಿ, ಎರಡರಲ್ಲೂ ಹಲವು ಅರಬ್ ದೇಶಗಳ ನಡುವೆ ಸುಡಾನಿನ ಹೆಸರೂ ಇದೆ. ಕವಾಲ್‌ಗೆ ಆ ಸಾಲಿನಲ್ಲಿ ಜಾಗ ಸಿಗುವುದು ಕಷ್ಟ.

ಇನ್ನು ಬೀಜ. ದೇಶದ ಬೀಜ ಭಂಡಾರ ಇದ್ದದ್ದು ಗೆಜಿರಾದ ವಾದ್ ಮದನಿಯಲ್ಲಿ. ಹಳ್ಳಿ ಹಳ್ಳಿ ಸುತ್ತಿ ದಶಕಗಳ ಕಾಲ ಕೂಡಿಸಿದ ಜೋಳ, ಸಜ್ಜೆ, ಎಳ್ಳು, ಬೆಂಡೆಯ ಸಾವಿರಾರು ಮಾದರಿಗಳು ಅಲ್ಲಿದ್ದವು. 2023ರ ಡಿಸೆಂಬರ್‌ನಲ್ಲಿ ಊರು ಆರ್‌ಎಸ್‌ಎಫ್ ಕೈಗೆ ಹೋಯಿತು, ಭಂಡಾರ ಲೂಟಿಯಾಯಿತು. ಕದ್ದವರಿಗೆ ಬೇಕಾಗಿದ್ದದ್ದು ಫ್ರೀಜರುಗಳು, ಬೀಜವನ್ನು ನೆಲಕ್ಕೆ ಚೆಲ್ಲಿ ಹೋದರು. 2025ರ ಫೆಬ್ರುವರಿಯಲ್ಲಿ ಸುಡಾನಿನ ವಿಜ್ಞಾನಿಗಳು ಉಳಿದಿದ್ದರಲ್ಲಿ ಒಂದಷ್ಟನ್ನು, ಜೋಳದ ಹಲವು ತಳಿಗಳೂ ಸೇರಿದಂತೆ, ನಾರ್ವೆಯ ಸ್ವಾಲ್ಬಾರ್ಡ್ ಹಿಮದೊಳಗಿನ ಜಾಗತಿಕ ಕಣಜಕ್ಕೆ ತಲುಪಿಸಿದರು. ಹೈದರಾಬಾದ್ ಬಳಿಯ ಪಟಾನ್‌ಚೆರುವಿನಲ್ಲಿರುವ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್‌ನ ಸಂಗ್ರಹದಲ್ಲೂ ಸುಡಾನಿನ ಜೋಳಗಳಿವೆ. ಸುಡಾನ್–ಇಥಿಯೋಪಿಯಾ ಗಡಿಯ ಝೆರಾಝೆರಾ ಎಂಬ ನಾಟಿ ಜೋಳವನ್ನು ಭಾರತದ ತಳಿ ಸುಧಾರಕರು ಧಾರಾಳವಾಗಿ ಬಳಸಿಕೊಂಡಿದ್ದಾರೆ. ಸಾಲ ತೀರಿಸುವ ಸಂದರ್ಭ ಬಂದರೆ ದಾರಿ ಇದೆ ಎಂದಾಯಿತು.

ಕಣಜದಿಂದ ಹೊಲಕ್ಕೆ ಮರಳುವುದು ಆಗದ ಮಾತೇನಲ್ಲ. ಸಿರಿಯಾದ ಅಲೆಪ್ಪೊ ಬಳಿ ಇಕಾರ್ಡಾ ಎಂಬ ಕೃಷಿ ಸಂಶೋಧನಾ ಸಂಸ್ಥೆಯ ಬೀಜ ಭಂಡಾರ ಯುದ್ಧದಲ್ಲಿ ಕೈತಪ್ಪಿದಾಗ, ಆ ವಿಜ್ಞಾನಿಗಳು ಸ್ವಾಲ್ಬಾರ್ಡಿನಲ್ಲಿ ಇಟ್ಟಿದ್ದ ಬೀಜವನ್ನು 2015ರಲ್ಲಿ ಹಿಂಪಡೆದರು. ಆ ಕಣಜದಿಂದ ಬೀಜ ಹೊರಬಂದಿದ್ದು ಅದೇ ಮೊದಲು. ಲೆಬನಾನ್, ಮೊರಾಕ್ಕೊಗಳಲ್ಲಿ ಬೆಳೆದು, ಹೆಚ್ಚಿಸಿ, 2017ರಲ್ಲಿ ಪ್ರತಿಗಳನ್ನು ವಾಪಸ್ ಇಟ್ಟರು. ಸುಡಾನಿಗೂ ಇದು ಆಗಬಹುದು. 2025ರ ಜನವರಿಯಲ್ಲಿ ವಾದ್ ಮದನಿ ಸೇನೆಯ ಕೈಗೆ ಮರಳಿದೆ, ಸಂಶೋಧಕರಲ್ಲಿ ಕೆಲವರು ಕೆಲಸ ಬಿಟ್ಟಿಲ್ಲ.

ಆದರೆ ಬೀಜದ ಪೊಟ್ಟಣದ ಜೊತೆ ಸಾಮಾನ್ಯವಾಗಿ ಇರುವುದು ಅದು ಸಿಕ್ಕ ಊರು, ವರ್ಷ, ಕೂಡಿಸಿದವರ ಹೆಸರು. ಕಿಸ್ರಾಕ್ಕೆ ಯಾವ ಜೋಳ ಚೆನ್ನಾಗಿ ಹುಳಿ ಬರುತ್ತದೆ, ಅಸೀದಾಕ್ಕೆ ಯಾವುದು ಬಿಗಿಯಾಗಿ ನಿಲ್ಲುತ್ತದೆ, ಮೊಳಕೆಗೆ ಫೆತರೀಟಾ ಮೇಲೋ ದಬರ್ ಮೇಲೋ ಎಂಬುದನ್ನು ಪೊಟ್ಟಣ ಹೇಳದು. ಅತ್ತ ಪಾಕವಿಧಾನ ಬರೆದುಕೊಳ್ಳುವವರ ಹಾಳೆಯಲ್ಲಿ ‘ಜೋಳದ ಹಿಟ್ಟು ಎರಡು ಬಟ್ಟಲು’ ಎಂದಷ್ಟೇ ಇರುತ್ತದೆ. ಈ ಎರಡು ದಾಖಲೆಗಳು ಒಂದನ್ನೊಂದು ನೋಡುವುದೇ ಇಲ್ಲ. ಅಡುಗೆ ಕೇಳಲು ಹೋದವರು ‘ಯಾವ ಜೋಳ, ಯಾರ ಹೊಲದ್ದು, ಗಡಿಗೆಗೆ ಮೊದಲ ಹುಳಿ ಎಲ್ಲಿಂದ ತಂದಿರಿ’ ಎಂಬ ಮೂರು ಪ್ರಶ್ನೆ ಸೇರಿಸಿದರೆ ಸಾಕು, ಬೇರೆ ಯೋಜನೆ ಬೇಕಿಲ್ಲ, ಹೆಚ್ಚಿನ ಹಣವೂ ಬೇಕಿಲ್ಲ. ಅದಕ್ಕೆ ಉತ್ತರ ಬಲ್ಲವರು ಕೈರೋದ ಹೋಟೆಲುಗಳಿಗಿಂತ ಹೆಚ್ಚಾಗಿ ಇರುವುದು ಡಾರ್ಫರಿನ ಗಡಿಯಾಚೆ, ಪೂರ್ವ ಚಾಡ್‌ನ ಆದ್ರೆ ಎಂಬ ಪಟ್ಟಣದ ಸುತ್ತಲಿನ ಶಿಬಿರಗಳಲ್ಲಿ. ಅಲ್ಲಿರುವ ದೊಡ್ಡವರಲ್ಲಿ ಹೆಚ್ಚಿನವರು ಹೆಂಗಸರು, ಊರಲ್ಲಿ ಹೊಲ ಮತ್ತು ಗಡಿಗೆ ಎರಡನ್ನೂ ನೋಡಿಕೊಂಡವರು. ಪಾಕವಿಧಾನ ಕೇಳಿಕೊಂಡು ಅಲ್ಲಿಗೆ ಹೋದವರು ಇನ್ನೂ ಬೆರಳೆಣಿಕೆಯಷ್ಟು.